ಮಣ್ಣೆತ್ತು ಮತ್ತು ಎಳ್ಳು-ಬೆಲ್ಲ: ಕನ್ನಡ ಮನೆಗಳಲ್ಲಿ ಎಳೆಯರ ಕೈಗೆಲಸ ಹಾಗೂ ಅಡುಗೆಯ ಚರಿತ್ರೆ

ಚರಿತ್ರಕಾರನು ತನ್ನ ಕೆಲಸವನ್ನು ಉಳಿದುಬಂದ ವಸ್ತುಗಳಿಂದ ಆರಂಭಿಸುತ್ತಾನೆ. ಕಲ್ಲಿನಲ್ಲಿ ಕೊರೆದುದು, ತಾಮ್ರಪಟದಲ್ಲಿ ಕೆತ್ತಿದುದು, ಓಲೆಗರಿಯಲ್ಲಿ ಬರೆದುದು ಅವನಿಗೆ ದೊರೆಯುವ ಮುಖ್ಯ ಆಧಾರಗಳು. ಆದರೆ ಜನರು ನಿತ್ಯಜೀವನದಲ್ಲಿ ಕೈಯಾರೆ ಮಾಡುತ್ತಿದ್ದ ವಸ್ತುಗಳಲ್ಲಿ ಬಹುಪಾಲು ಉಳಿಯಲೆಂದು ಮಾಡಿದವಲ್ಲ. ತಾಯಿಯೊಡನೆ ಕುಳಿತು ಮಗು ಮಾಡಿದ ಮಣ್ಣಿನ ಎತ್ತು ಕೆರೆಯ ನೀರಿನಲ್ಲಿ ಕರಗಿಹೋಗುತ್ತದೆ. ಪುಟ್ಟ ಅಂಗೈಯಲ್ಲಿ ಕಟ್ಟಿದ ತಂಬಿಟ್ಟಿನ ಉಂಡೆ ಅಂದೇ ತಿಂದು ಮುಗಿಯುತ್ತದೆ. ತೆಂಗಿನ ಗರಿಯ ಪೀಪಿ ಸಂಜೆಯ ಹೊತ್ತಿಗೆ ಬಾಡುತ್ತದೆ. ಹೀಗೆ, ಅಸಂಖ್ಯ ಮನೆಗಳಲ್ಲಿ ವರ್ಷವರ್ಷವೂ ನಡೆದುಬಂದ ಒಂದು ಕಾರ್ಯಕ್ಕೆ ಚರಿತ್ರೆಯಲ್ಲಿ ಹೆಚ್ಚುಕಡಮೆ ದಾಖಲೆಯೇ ಇಲ್ಲದಂತಾಗಿದೆ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಲು ಉದ್ದೇಶಿಸಿರುವ ವಿಷಯ ಇದೇ. ಕನ್ನಡ ನಾಡಿನ ಮನೆಗಳಲ್ಲಿ ಎಳೆಯ ಮಕ್ಕಳು ಹಿರಿಯರೊಡನೆ ಕೂಡಿ ಮಾಡುತ್ತಿದ್ದ ಸುಲಭವಾದ ಕೈಗೆಲಸಗಳು ಯಾವುವು? ಅಡುಗೆಯ ಕೆಲಸದಲ್ಲಿ ಅವರಿಗೆ ಎಂತಹ ಪಾಲು ಇತ್ತು? ಇವನ್ನು ಯಾವ ಆಧಾರಗಳಿಂದ ತಿಳಿಯಬಹುದು? ಇವು ಈಚೆಗೆ ವಿರಳವಾಗುತ್ತಿರುವುದಕ್ಕೆ ಕಾರಣವೇನು? ತಾಯಿತಂದೆಯರಿಗೆ ಬಿಡುವಿಲ್ಲ, ಮಕ್ಕಳಿಗೆ ಆಸಕ್ತಿಯಿಲ್ಲ ಎಂಬುದು ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ. ನಮ್ಮ ಅಭಿಪ್ರಾಯದಲ್ಲಿ ಈ ಉತ್ತರ ಸಾಲದು. ಹಿಂದಿನ ಮನೆಯ ರಚನೆ, ಅಲ್ಲಿ ಬಳಸುತ್ತಿದ್ದ ಸಾಮಗ್ರಿ, ಹಬ್ಬಗಳ ಕ್ರಮ ಇವೆಲ್ಲವೂ ಕೆಲಸವನ್ನು ಮಗುವಿನ ಕೈಗೆ ಎಟುಕುವಂತೆ ಇರಿಸಿದ್ದುವು. ಆ ಎಟುಕು ತಪ್ಪಿದುದೇ ಬದಲಾವಣೆಯ ಮುಖ್ಯ ಕಾರಣವೆಂದು ತೋರಿಸಲು ಇಲ್ಲಿ ಯತ್ನಿಸಿದ್ದೇವೆ.

೧. ಗ್ರಂಥಗಳ ಸಾಕ್ಷ್ಯ, ಅದರ ಮಿತಿ

ಅಡುಗೆಯ ವಿಷಯದಲ್ಲಿ ಕನ್ನಡ ನಾಡಿನ ಗ್ರಂಥಸಂಪತ್ತು ಅಲ್ಪವಾದುದಲ್ಲ. ಸು. ೯೨೦ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬಂದಿದೆ. ಎರಡನೆಯ ಚಾವುಂಡರಾಯನು ೧೦೨೫ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಪಾಕಶಾಸ್ತ್ರಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (ಸು. ೧೧೩೦) ಸಂಸ್ಕೃತದಲ್ಲಿದ್ದರೂ ಅದರ ಅನ್ನಭೋಗದ ಭಾಗವು ಈ ನಾಡಿನ ಊಟೋಪಚಾರಗಳಿಗೆ ಬೆಲೆಯುಳ್ಳ ಆಕರವಾಗಿದೆ. ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಿ ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಬದನೆ, ಹಲಸು, ಬಾಳೆಗಳ ಪಾಕವಿಧಾನಗಳು ದೊರೆಯುತ್ತವೆ. ಕೆಳದಿಯ ಬಸವಪ್ಪನಾಯಕನ (ಆಳ್ವಿಕೆ ೧೬೯೭–೧೭೧೪) ಶಿವತತ್ತ್ವರತ್ನಾಕರದಲ್ಲಿಯೂ ಪಾಕದ ವಿಚಾರ ಬಂದಿದೆ.

ಇವುಗಳ ಬೆಲೆಯನ್ನು ನಾವು ಕಡಮೆಮಾಡುವುದಿಲ್ಲ. ಆದರೆ ಇವುಗಳ ಗುರಿ ಬೇರೆ. ಮಾನಸೋಲ್ಲಾಸ ಅರಸನ ಭೋಗವನ್ನು ವಿವರಿಸಲು ಹೊರಟಿತು. ಸೂಪಶಾಸ್ತ್ರ ಬಲ್ಲ ಕೈಗೆ ಮತ್ತಷ್ಟು ರುಚಿಯನ್ನು ಕಲಿಸಲು ಹೊರಟಿತು. ಮನೆಯಲ್ಲಿ ಐದಾರು ವರ್ಷದ ಮಗು ಅವರೆಯನ್ನು ಹಿದುಕುತ್ತಿತ್ತೆ, ಹಿಟ್ಟನ್ನು ತಟ್ಟುತ್ತಿತ್ತೆ ಎಂಬುದನ್ನು ಹೇಳುವುದು ಅವುಗಳ ಉದ್ದೇಶವಾಗಿರಲಿಲ್ಲ. ಸಂಸ್ಕಾರಗಳ ಪಟ್ಟಿಯನ್ನು ನೋಡಿದರೂ ಇದೇ ಮಾತು ಸ್ಪಷ್ಟವಾಗುತ್ತದೆ. ಮಗು ಮೊದಲು ಅನ್ನವನ್ನು ಉಣ್ಣುವುದಕ್ಕೆ ಅನ್ನಪ್ರಾಶನವೆಂಬ ಸಂಸ್ಕಾರವಿದೆ. ಮೊದಲು ಅಕ್ಷರವನ್ನು ತೀಡುವುದಕ್ಕೆ ಅಕ್ಷರಾಭ್ಯಾಸವಿದೆ. ಅದೂ ಹಲವೆಡೆ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆಯೇ ನಡೆಯುತ್ತದೆ. ಆದರೆ ಮಗು ಮೊದಲು ಒಂದು ವಸ್ತುವನ್ನು ಕೈಯಾರೆ ಮಾಡಿದುದಕ್ಕೆ, ಮೊದಲು ಒಂದು ಉಂಡೆಯನ್ನು ಕಟ್ಟಿದುದಕ್ಕೆ ಸಂಸ್ಕಾರವಿಲ್ಲ. ಬಾಯಿಗೂ ನಾಲಗೆಗೂ ದೊರೆತ ಮನ್ನಣೆ ಕೈಗೆ ದೊರೆಯಲಿಲ್ಲ.

ಮನೆಯಲ್ಲಿ ಮಾಡಿದ ಆಟಿಕೆಯ ಬಗ್ಗೆ ಭಾರತೀಯ ಸಾಹಿತ್ಯದಲ್ಲಿ ಬರುವ ಅತಿ ಪ್ರಸಿದ್ಧವಾದ ಪ್ರಸಂಗ ಶೂದ್ರಕನ ಮೃಚ್ಛಕಟಿಕದ್ದು. ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ, ಅದನ್ನು ಹಿಂದಕ್ಕೆ ಒಯ್ದಮೇಲೆ ಅಳುತ್ತಾನೆ. ಮನೆಯ ದಾಸಿ ರದನಿಕೆ ಅವನಿಗೆ ಮಣ್ಣಿನ ಬಂಡಿಯನ್ನು ಮಾಡಿಕೊಡುತ್ತಾಳೆ. ಹುಡುಗನಿಗೆ ಅದು ಬೇಡ. ವಸಂತಸೇನೆ ತನ್ನ ಒಡವೆಗಳನ್ನು ಬಂಡಿಯಲ್ಲಿ ತುಂಬಿ, ಇವುಗಳಿಂದ ಚಿನ್ನದ ಬಂಡಿಯನ್ನು ಮಾಡಿಸಿಕೊ ಎನ್ನುತ್ತಾಳೆ. ನಾಟಕಕ್ಕೆ ಹೆಸರು ಬಂದುದೇ ಇದರಿಂದ. ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಒಂದು ಎಚ್ಚರಿಕೆಯಿದೆ. ಮನೆಯಲ್ಲಿ ಮಾಡಿದ ಆಟಿಕೆಯನ್ನು ನಾವು ಇಂದು ಎಷ್ಟೇ ಆದರದಿಂದ ಕಂಡರೂ, ಅದು ಎಷ್ಟೋ ಮನೆಗಳಲ್ಲಿ ಬಡತನದ ಗುರುತಾಗಿತ್ತು. ಕೊಳ್ಳಲಾರದವರು ಮಾಡಿದರು. ಮಾಡಿದ ಕೈ ಅನೇಕ ವೇಳೆ ತಾಯಿಯದೂ ಆಗಿರಲಿಲ್ಲ, ಆಳಿನದಾಗಿತ್ತು.

ಉತ್ಖನನಗಳ ಸಾಕ್ಷ್ಯವನ್ನೂ ಇಲ್ಲಿ ಸೂಚಿಸಬೇಕು. ಹರಪ್ಪಾ, ಮೊಹೆಂಜೊದಾರೊಗಳಲ್ಲಿ ಮಣ್ಣಿನ ಬಂಡಿಗಳು, ಸಿಳ್ಳುಗಳು, ಪ್ರಾಣಿಗಳ ಬೊಂಬೆಗಳು ಹೇರಳವಾಗಿ ದೊರೆತಿವೆ. ಅವುಗಳಲ್ಲಿ ತೀರ ಒರಟಾದ ಕೆಲವನ್ನು ಮಕ್ಕಳೇ ಮಾಡಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಕರ್ನಾಟಕದಲ್ಲಿ ರಾಯಚೂರು ಜಿಲ್ಲೆಯ ಪಿಕ್ಲಿಹಾಳವನ್ನು ಆಲ್ಚಿನ್ ಅವರು ೧೯೫೨ರಲ್ಲಿ ಅಗೆದರು. ದನಗಾಹಿಗಳ ಆ ನವಶಿಲಾಯುಗದ ನೆಲೆಯಲ್ಲಿ ಬಂಡೆಗಳ ಮೇಲೆ ದನಗಳ ಚಿತ್ರಗಳೂ, ಹಿಣಿಲುಳ್ಳ ದನಗಳ ಮಣ್ಣಿನ ಬೊಂಬೆಗಳೂ ಕಂಡುಬಂದುವು. ಇವು ಆಟಿಕೆಗಳೋ ಪೂಜೆಯ ವಸ್ತುಗಳೋ ನಿರ್ಣಯಿಸುವುದು ಕಷ್ಟ. ಅದೇ ಸೀಮೆಯಲ್ಲಿ ಇಂದಿಗೂ ಮಕ್ಕಳು ಮಣ್ಣಿನ ಎತ್ತುಗಳನ್ನು ಮಾಡುತ್ತಾರೆಂಬ ಕಾರಣದಿಂದ, ನಡುವಣ ಸಾವಿರಾರು ವರ್ಷಗಳನ್ನು ದಾಟಿ ಅಖಂಡವಾದ ಸಂಪ್ರದಾಯವೊಂದನ್ನು ಕಟ್ಟಲು ಹೋಗುವುದು ಶಾಸ್ತ್ರೀಯವಾಗಲಾರದು. ಎರಡು ಕಾಲದವರಿಗೂ ಎತ್ತು ಬಾಳಿನ ಆಧಾರವಾಗಿತ್ತು, ಎರಡು ಕಾಲದವರ ಕಾಲ ಕೆಳಗೂ ಮಣ್ಣಿತ್ತು ಎಂಬಷ್ಟನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಹುದು.

೨. ಮಣ್ಣಿನ ತಿಂಗಳುಗಳು

ಗ್ರಂಥಗಳು ಮೌನವಾಗಿರುವಲ್ಲಿ ಪಂಚಾಂಗ ಮಾತನಾಡುತ್ತದೆ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಮುಂಗಾರಿನಿಂದ ಆರಂಭವಾಗಿ ಸುಮಾರು ಮೂರು ತಿಂಗಳ ಕಾಲ ಮಣ್ಣಿನ ಮೂರ್ತಿಗಳ ಒಂದು ಸಾಲೇ ನಡೆದುಬರುತ್ತದೆ. ಜ್ಯೇಷ್ಠದ ಕಾರಹುಣ್ಣಿಮೆಯಲ್ಲಿ ನಿಜವಾದ ಎತ್ತುಗಳಿಗೆ ಸಿಂಗಾರ. ಹದಿನೈದು ದಿನಗಳ ಅನಂತರ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳಿಗೆ ಪೂಜೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳ ಗುಳ್ಳವ್ವ. ಶ್ರಾವಣದಲ್ಲಿ ಪಂಚಮಿಯ ನಾಗಪ್ಪ. ಭಾದ್ರಪದದಲ್ಲಿ ಗಣಪತಿ, ಅವನ ಹಿಂದೆಯೇ ಜೋಕುಮಾರ.

ಈ ಕ್ರಮಕ್ಕೆ ಧಾರ್ಮಿಕವಾದ ಅರ್ಥಗಳಿರುವುದು ನಿಜ. ಆದರೆ ಅದರ ಲೌಕಿಕವಾದ ಆಧಾರವನ್ನೂ ಗಮನಿಸಬೇಕು. ಬೇಸಗೆಯಲ್ಲಿ ಎರೆಯ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ ಬಿರಿದಿರುತ್ತದೆ. ಮೊದಲ ಮಳೆ ಬಿದ್ದೊಡನೆ ಅದು ಅಂಟಾಗಿ, ನಾದಿದಂತೆಲ್ಲ ಮೆದುವಾಗಿ, ಹೇಳಿದ ಆಕಾರವನ್ನು ತಾಳುತ್ತದೆ. ಬಿತ್ತನೆಗೆ ಹದವಾದ ಮಣ್ಣೇ ಬೊಂಬೆಗೂ ಹದವಾದುದು. ದೊಡ್ಡವರು ಹೊಲಕ್ಕೆ ಹೋಗುವ ಕಾಲದಲ್ಲಿಯೇ ಚಿಕ್ಕವರಿಗೆ ಅವರ ಕೆಲಸದ ಒಂದು ಪ್ರತಿರೂಪ ಕೈಗೆ ಬರುತ್ತದೆ. ಎರಡು ಎತ್ತು, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿ, ಕಾಳುಗಳನ್ನು ಒತ್ತಿ ಮಾಡಿದ ಕಣ್ಣು ಮತ್ತು ಕೊರಳಸರ. ಇಷ್ಟನ್ನು ಮಾಡಲು ಮಗುವಿಗೆ ಯಾವ ಉಪಕರಣವೂ ಬೇಕಾಗಿಲ್ಲ. ಕಾಲುಗಳು ಮೈಯ ಭಾರವನ್ನು ಹೊರದಿದ್ದರೆ ಎತ್ತು ಕುಸಿಯುತ್ತದೆ. ಮಣ್ಣಿಗೆ ನೀರು ಹೆಚ್ಚಾದರೆ ಒಣಗುವಾಗ ಬಿರಿಯುತ್ತದೆ. ಈ ಎರಡು ಪಾಠಗಳನ್ನು ಮಣ್ಣೇ ಕಲಿಸುತ್ತದೆ.

ಎಲ್ಲ ಮನೆಗಳಲ್ಲಿಯೂ ಎತ್ತುಗಳನ್ನು ತಾವೇ ಮಾಡುತ್ತಿದ್ದರೆಂದು ಭಾವಿಸಬಾರದು. ಅನೇಕ ಹಳ್ಳಿಗಳಲ್ಲಿ ಕುಂಬಾರರು ಎತ್ತುಗಳನ್ನು ಮಾಡಿ ಮನೆಮನೆಗೆ ಕೊಟ್ಟು ಜೋಳವನ್ನು ಪಡೆಯುವ ವಾಡಿಕೆಯಿತ್ತು. ಪೂಜೆಗೆ ಕುಂಬಾರನ ಎತ್ತು, ಆಟಕ್ಕೆ ಮಗುವಿನ ಎತ್ತು ಎಂಬ ಹಂಚಿಕೆ ಇದ್ದುದೂ ಉಂಟು. ಅಮಾವಾಸ್ಯೆಯ ಮರುದಿನ ಮಕ್ಕಳು ಕುಂಟೆತ್ತೊಂದನ್ನು ಹಿಡಿದು ಮನೆಮನೆಗೆ ಹೋಗಿ ಕಾಳು ಬೇಡುವ ಪದ್ಧತಿ ಈ ಸೀಮೆಯಲ್ಲಿ ಪ್ರಸಿದ್ಧವಾದುದು. ಕಾಲು ಮುರಿದ ಎತ್ತಿಗೂ ಹಬ್ಬದಲ್ಲಿ ಒಂದು ಸ್ಥಾನವುಂಟು ಎಂಬುದು ಈ ಪದ್ಧತಿಯ ವೈಶಿಷ್ಟ್ಯ. ಮಗುವಿನ ಕೈಗೆಲಸ ಸೊಟ್ಟಗಾದರೂ ಅದನ್ನು ಎಸೆಯಬೇಕಾಗಿರಲಿಲ್ಲ.

ಗುಳ್ಳವ್ವನ ಆಚರಣೆಯಲ್ಲಿ ಮಣ್ಣಿನ ಕೆಲಸಕ್ಕೂ ಊಟಕ್ಕೂ ಇರುವ ನಂಟು ಇನ್ನೂ ಸ್ಪಷ್ಟವಾಗಿದೆ. ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿಗಳಿಂದ ಸಿಂಗರಿಸಿ, ವಾರವಾರವೂ ಪೂಜಿಸಿ, ಕೊನೆಯಲ್ಲಿ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಕೂಡಿ ಉಣ್ಣುತ್ತಾರೆ. ಹಬ್ಬದ ಎಲ್ಲ ಅಂಗಗಳೂ ಇಲ್ಲಿ ಮಕ್ಕಳ ಅಳತೆಗೆ ಇಳಿದುಬಂದಿವೆ.

ಹಳೆಯ ಮೈಸೂರಿನ ಸೀಮೆಯಲ್ಲಿ ಇದಕ್ಕೆ ಸಮಾನವಾದುದು ನವರಾತ್ರಿಯ ಬೊಂಬೆಗಳ ಹಬ್ಬ. ಪಟ್ಟದ ಬೊಂಬೆಗಳು ಮರಗೆಲಸದವರು ಮಾಡಿದವು; ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳುಹಿಸಿದವು. ಮಕ್ಕಳಿಗೆ ಅವುಗಳನ್ನು ಮುಟ್ಟಲು ಸಲಿಗೆ ಕಡಮೆ. ಆದರೆ ಹಂತಗಳ ಬದಿಯಲ್ಲಿ ಮಣ್ಣು ಹರಡಿ, ರಾಗಿಯನ್ನು ಚೆಲ್ಲಿ, ನೀರು ಚಿಮುಕಿಸಿ, ಕೆಲವು ದಿನಗಳಲ್ಲಿ ಹಸುರು ಬಯಲನ್ನು ಎಬ್ಬಿಸುವುದು ಮಕ್ಕಳ ಅಧಿಕಾರ. ಸಂಜೆ ಬೊಂಬೆಗಳನ್ನು ನೋಡಲು ಬಂದ ಮಕ್ಕಳಿಗೆ ಚರುಪನ್ನು ಹಂಚುವುದೂ ಅವರ ಪಾಲಿನದೇ. ಚನ್ನಪಟ್ಟಣ, ಕಿನ್ನಾಳಗಳ ಬೊಂಬೆಗಳಿಗೆ ಮಾರುಕಟ್ಟೆಯಿದ್ದುದರಿಂದ ಅವುಗಳ ಚರಿತ್ರೆ ಬರೆಯಲ್ಪಟ್ಟಿತು. ಅವೆರಡೂ ಈ ಶತಮಾನದಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದಿವೆ. ರಾಗಿಯ ಬಯಲಿಗೆ ಮಾರುಕಟ್ಟೆಯಿರಲಿಲ್ಲ, ಆದುದರಿಂದ ಚರಿತ್ರೆಯೂ ಇಲ್ಲ.

೩. ಒಲೆಯಿಂದ ದೂರವಿದ್ದ ಅಡುಗೆ

ಎಳೆಯ ಮಕ್ಕಳ ಅಡುಗೆ ಎಂದೊಡನೆ ಬೆಂಕಿಯ ಭಯ ಎದುರಾಗುತ್ತದೆ. ಹಿಂದಿನವರಿಗೂ ಈ ಭಯವಿತ್ತು. ಅವರು ಕಂಡುಕೊಂಡ ಪರಿಹಾರವೆಂದರೆ, ಅಡುಗೆಯ ಕೆಲಸವನ್ನು ಬೆಂಕಿಗೆ ಮೊದಲಿನದು, ಬೆಂಕಿಯ ಮೇಲಿನದು, ಬೆಂಕಿಯ ಅನಂತರದ್ದು ಎಂದು ಬೇರ್ಪಡಿಸಿ ಮೊದಲನೆಯದನ್ನೂ ಕೊನೆಯದನ್ನೂ ಮಕ್ಕಳಿಗೆ ಬಿಟ್ಟುಕೊಡುವುದು.

ಹಳೆಯ ಮೈಸೂರಿನಲ್ಲಿ ಚಳಿಗಾಲದ ಅವರೆಕಾಯಿಯ ಕೆಲಸ ಇದಕ್ಕೆ ಉತ್ತಮ ನಿದರ್ಶನ. ಕಾಯಿ ಸುಲಿಯುವುದು ಮೂರು ನಾಲ್ಕು ವರ್ಷದ ಮಗುವಿಗೂ ಸಾಧ್ಯ. ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿದುಕಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಆಟಕ್ಕೂ ಕೆಲಸಕ್ಕೂ ಅಲ್ಲಿ ಭೇದವೇ ತೋರುವುದಿಲ್ಲ. ಬೇಸಗೆಯಲ್ಲಿ ಹಪ್ಪಳ ಸಂಡಿಗೆಗಳು ಬಿಸಿಲಿನಲ್ಲಿಯೇ ಸಿದ್ಧವಾಗಬೇಕಾದವು. ಹಪ್ಪಳದ ಹಿಟ್ಟಿನ ಉಂಡೆಗಳನ್ನು ಮಾಡುವುದು, ಮಾಳಿಗೆಯ ಮೇಲೆ ಕುಳಿತು ಕಾಗೆಗಳನ್ನು ಅಟ್ಟುವುದು ಮಕ್ಕಳ ಕೆಲಸ. ಕಾಯುವವರೇ ಅರ್ಧ ಒಣಗಿದ ಸಂಡಿಗೆಯನ್ನು ತಿಂದು ಮುಗಿಸುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ. ಉತ್ತರದ ಜಿಲ್ಲೆಗಳಲ್ಲಿ ಶಾವಿಗೆ ಹೊಸೆಯುವುದು ಹಿರಿಯರ ಕೈಚಳಕವಾದರೆ, ಕಣಕವನ್ನು ಚಿವುಟಿ ಬೆರಳುಗಳಲ್ಲಿ ಹೊಸೆದು ಗವಲಿ ಮಾಡುವುದು ಪಕ್ಕದಲ್ಲಿ ಕುಳಿತ ಮಕ್ಕಳಿಗೆ ಸಾಧ್ಯವಾದುದು.

ಪಂಚಮಿಯ ಉಂಡೆಗಳು ಬೆಂಕಿಯ ಅನಂತರದ ಕೆಲಸಕ್ಕೆ ಉದಾಹರಣೆ. ತಂಬಿಟ್ಟು, ಎಳ್ಳು, ರವೆ, ಶೇಂಗಾ ಇವುಗಳ ಉಂಡೆಗಳನ್ನು ಹಬ್ಬಕ್ಕೆ ಮೊದಲೇ ಕಟ್ಟಿಡುತ್ತಾರೆ. ಹಬ್ಬದ ದಿನ ಒಲೆಯ ಮೇಲೆ ಹಂಚನ್ನು ಇಡಬಾರದೆಂಬ ನಿಯಮ ಹಲವೆಡೆ ಇದೆ. ಹುರಿಯುವುದೂ ಪಾಕ ತೆಗೆಯುವುದೂ ತಾಯಿಯ ಕೆಲಸ. ಬಿಸಿ ಆರುತ್ತ ಬಂದಾಗ ಅಂಗೈಯಲ್ಲಿ ಒತ್ತಿ ದುಂಡಗೆ ಮಾಡುವುದಕ್ಕೆ ಮಗುವೂ ಕೈ ನೀಡಬಹುದು. ಒಣಕೊಬ್ಬರಿಯ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುವ ಆಟವೂ ಈ ಹಬ್ಬದ್ದೇ. ಆಟ ಮುಗಿದಮೇಲೆ ಆಟಿಕೆಯನ್ನು ತಿನ್ನಬಹುದು.

ಕರಾವಳಿಯಲ್ಲಿ ಕೈಗೆಲಸವೂ ಅಡುಗೆಯೂ ಒಂದೇ ವಸ್ತುವಿನಲ್ಲಿ ಸೇರಿವೆ. ಹಲಸಿನ ನಾಲ್ಕು ಎಲೆಗಳನ್ನು ಹಿಡಿಕಡ್ಡಿಯಿಂದ ಚುಚ್ಚಿ ಹೊಲಿದ ಕೊಟ್ಟೆ, ಮುಳ್ಳು ತೆಗೆದು ಬಾಡಿಸಿದ ಕೇದಗೆಯ ಜಾತಿಯ ಎಲೆಯನ್ನು ಸುರುಳಿಸುತ್ತಿ ಮಾಡಿದ ಮೂಡೆ, ಇವು ಮೊದಲು ಪಾತ್ರೆಗಳು, ಆಮೇಲೆ ಕಡುಬಿನ ರುಚಿ. ಅರಸಿನದ ಎಲೆಯಲ್ಲಿ ಹಿಟ್ಟನ್ನು ಸವರಿ ಮಡಿಸುವುದನ್ನು ಮಗು ಮೊದಲ ಸಲವೇ ಮಾಡಬಲ್ಲುದು. ಕೊಟ್ಟೆಯನ್ನು ಸೋರದಂತೆ ಕಟ್ಟಲು ಮಾತ್ರ ಹಲವು ವರ್ಷಗಳ ಅಭ್ಯಾಸ ಬೇಕು. ಒಳನಾಡಿನಲ್ಲಿ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚುವ ಕೆಲಸವೂ ಇಂತಹುದೇ.

ಸಂಕ್ರಾಂತಿಯ ಎಳ್ಳು-ಬೆಲ್ಲ ಈ ಎಲ್ಲ ಕೆಲಸಗಳಿಗೆ ಕಲಶವಿಟ್ಟಂತಿದೆ. ಕೊಬ್ಬರಿಯ ಕರಿಯ ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚುವುದು, ಅಚ್ಚು ಬೆಲ್ಲವನ್ನು ಕತ್ತರಿಸುವುದು, ಬಿಸಿಲಿಗೆ ಇಡುವುದು, ಹುರಿದ ಕಡಲೆಕಾಯಿಬೀಜವನ್ನು ತಿಕ್ಕಿ ಸಿಪ್ಪೆಯನ್ನು ಊದುವುದು, ಹುರಿಗಡಲೆ ಬಿಳಿಯ ಎಳ್ಳುಗಳೊಡನೆ ಬೆರೆಸುವುದು, ಸಕ್ಕರೆ ಅಚ್ಚುಗಳನ್ನು ಮರದ ಅಚ್ಚಿನಿಂದ ಮುರಿಯದಂತೆ ಬಿಡಿಸುವುದು. ಇವುಗಳಲ್ಲಿ ಹರಿತವಾದ ಈಳಿಗೆ ಮತ್ತು ಕುದಿಯುವ ಪಾಕ ಹಿರಿಯರಿಗೆ ಮೀಸಲು. ಉಳಿದುದರಲ್ಲಿ ವಯಸ್ಸಿಗೆ ತಕ್ಕ ಪಾಲು. ಹಬ್ಬದ ದಿನ ಮನೆಮನೆಗೆ ಹೋಗಿ ಎಳ್ಳು ಬೀರುವುದೂ ಹೆಣ್ಣುಮಕ್ಕಳ ಪಾಲಿನದೇ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಇದೆಲ್ಲ ಅನಾದಿಕಾಲದಿಂದ ಹೀಗೆಯೇ ನಡೆದುಬಂದಿದೆ ಎಂಬ ಮಾತು ಪರೀಕ್ಷೆಗೆ ನಿಲ್ಲದು. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಹದಿನಾರನೆಯ ಶತಮಾನಕ್ಕೆ ಹಿಂದೆ ಭಾರತದಲ್ಲಿ ಅದು ಇರಲಿಲ್ಲ. ಎಂದಮೇಲೆ ಮಂಗರಸನ ಮನೆಯ ಮಕ್ಕಳು ಇಂದಿನ ಎಳ್ಳು-ಬೆಲ್ಲವನ್ನು ಬೆರೆಸಿರಲಾರರು; ಪಂಚಮಿಯ ಶೇಂಗಾ ಉಂಡೆಯೂ ಪ್ರಾಚೀನವಲ್ಲ. ಸಂಪ್ರದಾಯ ಹೊಸ ವಸ್ತುವನ್ನು ಒಳಗೆ ಸೇರಿಸಿಕೊಂಡು, ಹಳೆಯದೆಂಬಂತೆ ಮುಂದುವರಿಯಿತು. ಇಂದು ಹೊಸ ಸಾಮಗ್ರಿ ಬಂದಿತೆಂದು ಮರುಗುವವರು ಇದನ್ನು ನೆನೆಯಬೇಕು.

೪. ಎಟುಕಿನ ಪ್ರಶ್ನೆ

ಈಗ ಮುಖ್ಯವಾದ ವಿಚಾರಕ್ಕೆ ಬರೋಣ. ಹಿಂದಿನ ಅಡುಗೆಮನೆಯ ಕೆಲಸವೆಲ್ಲ ಬಹುಮಟ್ಟಿಗೆ ನೆಲದ ಮೇಲೆ ನಡೆಯುತ್ತಿತ್ತು. ಒಲೆ ನೆಲಮಟ್ಟದಲ್ಲಿತ್ತು. ಒರಳು, ಬೀಸುವ ಕಲ್ಲು, ಈಳಿಗೆಮಣೆ, ಮೊಸರು ಕಡೆಯುವ ಕಂಬ ಇವೆಲ್ಲವನ್ನೂ ಕುಳಿತೇ ಬಳಸಬೇಕಾಗಿತ್ತು. ಕುಳಿತ ತಾಯಿಯ ಕಣ್ಣೂ ನಿಂತ ಮಗುವಿನ ಕಣ್ಣೂ ಒಂದೇ ಎತ್ತರದಲ್ಲಿದ್ದುವು. ಮಗು ಕೆಲಸವನ್ನು ನೋಡುತ್ತಿತ್ತು. ಕೈ ಚಾಚಿದರೆ ಹಿಟ್ಟು ಸಿಕ್ಕುತ್ತಿತ್ತು. ಚಿಟಿಕೆ, ಹಿಡಿ, ಬೊಗಸೆ ಎಂಬ ಅಳತೆಗಳು ಕೈಯಿಂದಲೇ ಹುಟ್ಟಿದವು. ಪಾವು, ಸೇರುಗಳೂ ಮನೆಯಲ್ಲಿ ಕಣ್ಣೆದುರಿಗೆ ಇದ್ದ ಪಾತ್ರೆಗಳು. ೧೯೫೮ರಿಂದ ಮೆಟ್ರಿಕ್ ತೂಕಗಳು ಕ್ರಮವಾಗಿ ಜಾರಿಗೆ ಬಂದಮೇಲೂ ಎಷ್ಟೋ ಮನೆಗಳಲ್ಲಿ ಪಾವು ಅಕ್ಕಿಯ ಡಬ್ಬಿಯೊಳಗೆ ಉಳಿದುಕೊಂಡಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ, ಅನಿಲದ ಒಲೆ, ವಿದ್ಯುತ್ತಿನ ಮಿಕ್ಸಿ ಇವು ಮೊದಲು ಪಟ್ಟಣಗಳಲ್ಲಿ, ಆಮೇಲೆ ಹಳ್ಳಿಗಳಲ್ಲಿ ಹರಡಿದವು. ಹೆಂಗಸರ ಬೆನ್ನಿಗೂ ಕಣ್ಣಿಗೂ ಇವುಗಳಿಂದ ದೊರೆತ ಬಿಡುಗಡೆ ಅಲ್ಪವಾದುದಲ್ಲ. ಹೊಗೆ ತುಂಬಿದ ಅಡುಗೆಮನೆಯನ್ನು ಹೊಗಳುವುದು ಅದರಲ್ಲಿ ಬೇಯದವರಿಗೆ ಮಾತ್ರ ಸಾಧ್ಯ. ಆದರೆ ಇದರ ಜೊತೆಗೇ ನಡೆದ ಇನ್ನೊಂದು ಬದಲಾವಣೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಲಸವೆಲ್ಲ ನೆಲದಿಂದ ಎರಡೂವರೆ ಅಡಿಗಳಷ್ಟು ಮೇಲಕ್ಕೆ ಏರಿತು. ಮಗು ಕೆಳಗೆ ಉಳಿಯಿತು. ಈಗ ಅದಕ್ಕೆ ಕಾಣುವುದು ತಾಯಿಯ ಕೈಯಲ್ಲ, ಸೀರೆಯ ನೆರಿಗೆ. ಮಕ್ಕಳಿಗೆ ಆಸಕ್ತಿಯಿಲ್ಲವೆಂದು ದೂರುವ ಮೊದಲು ಈ ಎರಡೂವರೆ ಅಡಿಗಳನ್ನು ಗಣನೆಗೆ ತರುವುದು ಯುಕ್ತವೆಂದು ನಮಗೆ ತೋರುತ್ತದೆ.

೫. ಆಟ, 
ದುಡಿಮೆ, ಭೇದ

ಮೇಲಿನ ವಿವರಣೆಯಿಂದ ಹಿಂದಿನ ಮನೆ ಮಕ್ಕಳ ಸ್ವರ್ಗವಾಗಿತ್ತೆಂಬ ಭಾವನೆ ಹುಟ್ಟಿದರೆ ಅದು ತಪ್ಪು. ಮೊದಲನೆಯದಾಗಿ, ಮಡಿಯ ಕಟ್ಟುನಿಟ್ಟಿದ್ದ ಮನೆಗಳಲ್ಲಿ ಮಕ್ಕಳು ಒಲೆಯ ಹತ್ತಿರ ಸುಳಿಯುವಂತೆಯೇ ಇರಲಿಲ್ಲ. ಎಳ್ಳು, ಬೆಲ್ಲ, ಕೊಬ್ಬರಿಗಳು ಮುಸುರೆಯಲ್ಲವಾದುದರಿಂದ ಅಂತಹ ಮನೆಗಳಲ್ಲಿಯೂ ಮಕ್ಕಳು ಅವನ್ನು ಮುಟ್ಟಬಹುದಾಗಿತ್ತು. ಎಳ್ಳು-ಬೆಲ್ಲದ ಕೆಲಸ ಮಕ್ಕಳ ಪಾಲಿಗೆ ಬಂದುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ಊಹಿಸಬಹುದು. ಎರಡನೆಯದಾಗಿ, ಕೂಲಿಯ ಮನೆಗಳಲ್ಲಿ ತಾಯಿ ಹೊಲಕ್ಕೆ ಹೋದಮೇಲೆ ಎಂಟು ಹತ್ತು ವರ್ಷದ ಹುಡುಗಿಯೇ ತಮ್ಮನನ್ನು ಎತ್ತಿಕೊಂಡು ಮುದ್ದೆಗೆ ಎಸರಿಡಬೇಕಾಗಿತ್ತು. ಅದನ್ನು ಆಟವೆಂದು ಕರೆಯುವುದು ಕ್ರೂರವಾದೀತು. ಮೂರನೆಯದಾಗಿ, ಗಂಡುಮಗು ಎತ್ತನ್ನೂ ಬುಗುರಿಯನ್ನೂ ಮಾಡಿ ಬೀದಿಗೆ ಓಡುತ್ತಿತ್ತು. ಹೆಣ್ಣುಮಗುವಿನ ಅಡುಗೆಯಾಟ ಒಂದು ದಿನ ಸದ್ದಿಲ್ಲದೆ ಅಡುಗೆಯೇ ಆಗಿಬಿಡುತ್ತಿತ್ತು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ಗರತಿಯ ಹಾಡಿನಂತಹ ಜನಪದ ಸಂಗ್ರಹಗಳನ್ನು ಈ ದೃಷ್ಟಿಯಿಂದ ಮತ್ತೆ ಓದುವುದು ವಿದ್ಯಾರ್ಥಿಗಳಿಗೆ ಪ್ರಯೋಜನಕರವಾದೀತು.

ಆಟಕ್ಕೂ ದುಡಿಮೆಗೂ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕು? ಮಗು ಎದ್ದು ಹೋಗಲು ಸ್ವತಂತ್ರವಾಗಿತ್ತೆ ಎಂಬುದೇ ಒರೆಗಲ್ಲೆಂದು ನಾವು ಸೂಚಿಸುತ್ತೇವೆ. ಅವರೆಯನ್ನು ಹಿದುಕುತ್ತಿದ್ದ ಮಗು ಬೇಸರವಾದಾಗ ಎದ್ದು ಓಡಿದರೆ ಮನೆಯ ಊಟ ನಿಲ್ಲುತ್ತಿರಲಿಲ್ಲ. ಎಸರಿಟ್ಟ ಹುಡುಗಿ ಎದ್ದು ಹೋಗುವಂತಿರಲಿಲ್ಲ.

೬. ಶಾಲೆಗೆ ಬಂದ ಕೈಗೆಲಸ

ಮನೆಯಲ್ಲಿ ತಾನಾಗಿ ನಡೆಯುತ್ತಿದ್ದುದನ್ನು ಶಾಲೆಯಲ್ಲಿ ಉದ್ದೇಶಪೂರ್ವಕವಾಗಿ ನಡೆಸಬೇಕೆಂಬ ವಿಚಾರ ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಬೆಳೆಯಿತು. ಫ್ರೋಬೆಲನು ಜರ್ಮನಿಯಲ್ಲಿ ೧೮೩೭ರಲ್ಲಿ ಆರಂಭಿಸಿದ ಶಿಶುಶಾಲೆಯ ಮಾರ್ಗದಲ್ಲಿ ಮಣ್ಣಿನ ಕೆಲಸ, ಕಾಗದ ಮಡಿಸುವಿಕೆ, ಹೆಣಿಗೆಗಳಿಗೆ ಸ್ಥಾನವಿತ್ತು. ಅದರ ಪ್ರಭಾವ ದಕ್ಷಿಣ ಭಾರತಕ್ಕೂ ಬಂದಿತು. ಟಿ. ಸುಂದರರಾವ್ ಅವರು ಶಿಶುಶಾಲೆಯ ಕಾಗದ ಮಡಿಸುವ ಆಟದಿಂದ ಪ್ರೇರಿತರಾಗಿ, ಕಾಗದವನ್ನು ಮಡಿಸಿಯೇ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು ೧೮೯೩ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ೧೯೦೧ರಲ್ಲಿ ಅದು ಅಮೆರಿಕದಲ್ಲಿಯೂ ಅಚ್ಚಾಯಿತು. ಮಕ್ಕಳ ಕೈಗೆಲಸವನ್ನು ಅಗ್ಗವಾಗಿ ಕಾಣುವವರು ಈ ಪುಸ್ತಕವನ್ನು ನೆನೆಯಬಹುದು.

ಮಾರಿಯಾ ಮಾಂಟೆಸೊರಿ ೧೯೦೭ರಲ್ಲಿ ರೋಮಿನಲ್ಲಿ ಮಕ್ಕಳ ಮನೆಯನ್ನು ತೆರೆದರು. ೧೯೩೯ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ ಹಲವು ವರ್ಷ ಭಾರತದಲ್ಲಿಯೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಸುರಿಯುವುದು, ಒರೆಸುವುದು, ಬಡಿಸುವುದು ಮೊದಲಾದ ನಿತ್ಯಜೀವನದ ಕೆಲಸಗಳೇ ಅವರ ಪದ್ಧತಿಯಲ್ಲಿ ಎಳೆಯರ ಮೊದಲ ಪಾಠಗಳು. ಅದಕ್ಕಾಗಿ ಅವರು ಮೇಜು, ಕುರ್ಚಿ, ಪಾತ್ರೆಗಳನ್ನು ಮಗುವಿನ ಅಳತೆಗೆ ಇಳಿಸಿದರು. ಎತ್ತರದ ಮೇಜುಗಳ ನಾಡಿನಲ್ಲಿ ಅದು ಕ್ರಾಂತಿಕಾರಕವಾದ ಸುಧಾರಣೆ. ನೆಲದ ಮೇಲೆ ಕುಳಿತು ಅಡುಗೆ ಮಾಡುತ್ತಿದ್ದ ನಾಡಿನಲ್ಲಿ ಆ ಅಳತೆ ಮನೆಯಲ್ಲಿಯೇ ಬಹುಮಟ್ಟಿಗೆ ಇತ್ತು. ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಸ್ಥಾಪಿಸಿದ ಬಾಲಮಂದಿರ, ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಬೋರ್ಡಿಯಲ್ಲಿ ಆರಂಭಿಸಿದ ಕೆಲಸ ಇವು ಮಾಂಟೆಸೊರಿಯ ತತ್ತ್ವವನ್ನು ಈ ನೆಲಕ್ಕೆ ಒಗ್ಗಿಸಿದವು. ತಾರಾಬಾಯಿ ಅವರು ದುಬಾರಿ ಸಾಮಗ್ರಿಗಳ ಬದಲು ಎಲೆ, ಕಲ್ಲು, ಮಣ್ಣುಗಳನ್ನು ಬಳಸಿದರು.

೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನ, ಅನಂತರದ ಜಾಕಿರ್ ಹುಸೇನ್ ಸಮಿತಿ ಇವುಗಳಿಂದ ರೂಪುಗೊಂಡ ಮೂಲಶಿಕ್ಷಣ ಯೋಜನೆ ಕೈಕಸಬನ್ನು ಶಿಕ್ಷಣದ ಕೇಂದ್ರದಲ್ಲಿಯೇ ಇರಿಸಿತು. ನೂಲುವುದು, ಬಡಗಿಯ ಕೆಲಸ, ಬೇಸಾಯ ಇವುಗಳ ಮೂಲಕ ಎಲ್ಲ ವಿಷಯಗಳನ್ನೂ ಕಲಿಸುವುದು ಅದರ ಆಶಯ. ಆದರೆ ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದ ಶಾಲೆಯ ಖರ್ಚು ಸಾಗಬೇಕೆಂಬ ಆಲೋಚನೆಯೂ ಅದರೊಡನೆ ಬೆರೆತಿತ್ತು. ಅತಿ ಹೆಚ್ಚಿನ ಟೀಕೆಗೆ ಗುರಿಯಾದುದು ಅದೇ. ಮಣ್ಣೆತ್ತಿಗೆ ಬೆಲೆ ಕಟ್ಟುವವರಿರಲಿಲ್ಲ. ಆದುದರಿಂದ ಅದು ಕುಂಟಾಗಿದ್ದರೂ ನಡೆಯುತ್ತಿತ್ತು. ಮಾರಬೇಕಾದ ನೂಲು ತುಂಡಾಗುವಂತಿರಲಿಲ್ಲ. ಮನೆಯ ಕೈಗೆಲಸಕ್ಕೂ ಶಾಲೆಯ ಕೈಕಸಬಿಗೂ ಇದ್ದ ಮೂಲಭೂತವಾದ ಅಂತರ ಇದು.

೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಿದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಅಂಗನವಾಡಿ ಎಂಬ ಹೆಸರಿನಲ್ಲಿಯೇ ಮನೆಯಂಗಳದ ನೆನಪಿದೆ. ಈಚೆಗೆ ಮಣ್ಣಿನ ಕೆಲಸಕ್ಕೆ ಅನಿರೀಕ್ಷಿತವಾದ ದಿಕ್ಕಿನಿಂದ ಬೆಂಬಲ ಬಂದಿದೆ. ಕೆರೆಗಳ ಮಾಲಿನ್ಯವನ್ನು ತಡೆಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿಗಳ ವಿಸರ್ಜನೆಯ ಬಗ್ಗೆ ೨೦೧೦ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ, ೨೦೨೦ರಲ್ಲಿ ಅವನ್ನು ಪರಿಷ್ಕರಿಸಿತು. ಪ್ಲಾಸ್ಟರಿನ ಗಣಪತಿಯ ಬದಲು ಜೇಡಿಮಣ್ಣಿನ ಗಣಪತಿಯನ್ನು ಮಕ್ಕಳಿಂದಲೇ ಮಾಡಿಸುವ ಪ್ರಯತ್ನಗಳು ಪಟ್ಟಣಗಳ ಶಾಲೆಗಳಲ್ಲಿಯೂ ಕಾಣುತ್ತಿವೆ. ಕರಗುವುದು ಹಿಂದೆ ಚರಿತ್ರಕಾರನ ಪಾಲಿಗೆ ಮಣ್ಣಿನ ದೋಷವಾಗಿತ್ತು. ಇಂದು ಕೆರೆಯ ಪಾಲಿಗೆ ಅದೇ ಗುಣವಾಗಿದೆ.

೭. ಮುಂದೆ ಆಗಬೇಕಾದ ಕೆಲಸ

ಈ ವಿವೇಚನೆಯಿಂದ ತಿಳಿದುಬರುವುದಿಷ್ಟು. ಮನೆಯಲ್ಲಿ ಮಕ್ಕಳೊಡನೆ ನಡೆಯುತ್ತಿದ್ದ ಕೈಗೆಲಸ ಮತ್ತು ಅಡುಗೆಗೆ ಒಂದು ಕ್ರಮವಿತ್ತು. ಋತು ಸಾಮಗ್ರಿಯನ್ನು ಒದಗಿಸುತ್ತಿತ್ತು, ಹಬ್ಬ ದಿನವನ್ನು ಗೊತ್ತುಮಾಡುತ್ತಿತ್ತು, ನೆಲ ಅದನ್ನು ಮಗುವಿನ ಕೈಗೆ ಎಟುಕಿಸುತ್ತಿತ್ತು. ಆಯುವುದು, ಹಿದುಕುವುದು, ಉಂಡೆ ಕಟ್ಟುವುದು, ಮಡಿಸುವುದು, ಕೊನೆಗೆ ಒಲೆಯ ಮುಂದೆ ಕುಳಿತುಕೊಳ್ಳುವುದು ಎಂಬ ಮೆಟ್ಟಿಲುಗಳನ್ನು ಯಾರೂ ಬರೆದಿಡಲಿಲ್ಲ. ಆದರೂ ಅದು ಒಂದು ಪಠ್ಯಕ್ರಮವೇ ಆಗಿತ್ತು. ಅದರೊಳಗೆ ಭೇದಗಳೂ ಅನ್ಯಾಯಗಳೂ ಇದ್ದುವು. ಆದುದರಿಂದ ಹಳೆಯದನ್ನು ಇದ್ದಂತೆಯೇ ಮರಳಿ ತರಬೇಕೆಂದು ನಾವು ಹೇಳುವುದಿಲ್ಲ. ಅಡುಗೆಯ ಕಟ್ಟೆಯಿಂದ ಒಂದು ತಟ್ಟೆ ಹಿಟ್ಟನ್ನು ನೆಲಕ್ಕೆ ಇಳಿಸಿ, ಗಂಡು ಹೆಣ್ಣೆನ್ನದೆ ಮಕ್ಕಳನ್ನು ಸುತ್ತ ಕೂರಿಸಿಕೊಳ್ಳುವುದಕ್ಕೆ ಮಡಿಯೂ ಬೇಕಿಲ್ಲ, ಹೊಗೆಯೂ ಬೇಕಿಲ್ಲ ಎಂಬುದಷ್ಟೆ ನಮ್ಮ ಸೂಚನೆ.

ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಸುಲಭವಾದ ಒಂದು ಕ್ಷೇತ್ರಕಾರ್ಯವಿದೆ. ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯ ಹೆಂಗಸರನ್ನು ಕೆಲವು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಬಹುದು. ಅಡುಗೆಮನೆಯಲ್ಲಿ ನಿಮಗೆ ಮೊದಲು ಕೊಟ್ಟ ಕೆಲಸ ಯಾವುದು, ಯಾವ ವಯಸ್ಸಿನಲ್ಲಿ? ಯಾವುದನ್ನು ಮುಟ್ಟಲು ಬಿಡುತ್ತಿರಲಿಲ್ಲ, ಏಕೆ? ಅಣ್ಣತಮ್ಮಂದಿರಿಗೆ ಯಾವ ಕೆಲಸ ಕೊಟ್ಟರು? ಮಣ್ಣನ್ನು ಎಲ್ಲಿಂದ ತರುತ್ತಿದ್ದಿರಿ? ಮಾಡಿದ ಬೊಂಬೆಗಳು ಕೊನೆಗೆ ಏನಾದುವು? ಮನೆಯ ಒಲೆ ನೆಲದಿಂದ ಕಟ್ಟೆಗೆ ಏರಿದುದು ಯಾವ ವರ್ಷ? ಉತ್ತರಗಳೊಡನೆ ಹೇಳಿದವರ ಊರು, ಕಸಬು, ಸುಮಾರು ವಯಸ್ಸು ಇಷ್ಟನ್ನು ಗುರುತುಮಾಡಿದರೆ, ಹತ್ತಾರು ಊರುಗಳ ಉತ್ತರಗಳು ಸೇರಿ ಬೆಲೆಯುಳ್ಳ ಆಕರವಾಗುತ್ತವೆ. ಶಾಸನ ಇನ್ನೂ ನೂರು ವರ್ಷ ನಮಗಾಗಿ ಕಾಯಬಲ್ಲುದು. ನೆಲದ ಒಲೆಯ ಮುಂದೆ ಕುಳಿತು ಕಲಿತವರು ಅಷ್ಟು ಕಾಲ ಕಾಯಲಾರರು.